ಎದುರು ಮನೆಯ ಹೊಗೆ

ಬೇರೆಯವರ ವಸ್ತುವನ್ನು ನೋಡುವಾಗ ನನ್ನ ಸೋದರತ್ತೆಯ ಎಡಗಣ್ಣು ತಾನಾಗಿಯೇ ಅರ್ಧ ಮುಚ್ಚುತ್ತಿತ್ತು. ಬಲಗಣ್ಣಿನ ಹುಬ್ಬು ಮೇಲೇರುತ್ತಿತ್ತು. ಹೊಸ ಸೀರೆಯಾಗಲಿ, ಈದ ಎಮ್ಮೆಯಾಗಲಿ, ಯಾರದೋ ಬಾಗಿಲಿಗೆ ಹಚ್ಚಿದ ಬಣ್ಣವಾಗಲಿ, ಆ ಒಂದೂವರೆ ಕಣ್ಣಿನಿಂದ ತಪ್ಪಿಸಿಕೊಂಡದ್ದು ಕಡಿಮೆ. ನೋಡಿ ಮುಗಿಸಿದ ಮೇಲೆ ಆಕೆ ಹೇಳುತ್ತಿದ್ದ ಮಾತು ಒಂದೇ: "ಆಕಿಗಿ ಬಂತು. ನನಗ್ಯಾಕ ಬರಲಿಲ್ಲ?"

ಆ ಮಾತಿನಲ್ಲಿ ಅಳು ಇರಲಿಲ್ಲ. ಕಚೇರಿಯಲ್ಲಿ ಅರ್ಜಿ ಕೊಟ್ಟು, ಉತ್ತರ ಸಿಗುವವರೆಗೆ ಬೆಂಚು ಬಿಟ್ಟು ಏಳುವುದಿಲ್ಲ ಎಂದು ಕುಳಿತವರ ದನಿ ಇತ್ತು.

ನಮ್ಮದು ಮಹಾರಾಷ್ಟ್ರದ ಗಡಿಯೊಳಗಿನ ಜತ್ತ ತಾಲ್ಲೂಕಿನ ಉಟಗಿ. ಅತ್ತೆಯನ್ನು ಬೆಳುಂಕಿಗೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡಿದ್ದರಿಂದ, ನಾನು ಹುಟ್ಟುವ ಮೊದಲೇ ಆಕೆ ತಮ್ಮನ ಮನೆಗೆ, ಅಂದರೆ ನಮ್ಮ ಮನೆಗೆ ಮರಳಿ ಬಂದಿದ್ದಳು. ಬಂದ ದಿನವೇ ಅಜ್ಜಿ ಆಕೆಯನ್ನು ಒಲೆಯ ಮುಂದೆ ಕೂಡಿಸಿ, "ಇನ್ನ ಇದು ನಿಂದು" ಅಂದಳಂತೆ. ಹೊಲ ಅಪ್ಪನ ಹೆಸರಿನಲ್ಲಿತ್ತು. ಅವ್ವ ಬಾಲವಾಡಿಯಲ್ಲಿ ಕಲಿಸುತ್ತಿದ್ದಳು. ಓಣಿಯಲ್ಲಿ ಎಲ್ಲರೂ ಅವಳನ್ನು 'ಬಾಯಾರು' ಎನ್ನುತ್ತಿದ್ದರು. ಅತ್ತೆಗೆ ಇದ್ದದ್ದು ಆ ಒಲೆ. ಮನೆಗೆ ಬಂದವರು ಉಂಡು, "ರೊಟ್ಟಿ ಯಾರು ಬಡದ್ದು?" ಎಂದು ಕೇಳಿದರೆ ಆಕೆ ಒಳಗಿನಿಂದ ಉತ್ತರ ಕೊಡುತ್ತಿರಲಿಲ್ಲ. ತನ್ನನ್ನು ಬೇರೆ ಯಾರಾದರೂ ತೋರಿಸಲಿ ಎಂದು ಕಾಯುತ್ತಿದ್ದಳು. ತೋರಿಸುವುದು ತಡವಾದರೆ ಒಲೆಯಲ್ಲಿ ಕಟ್ಟಿಗೆ ಜೋರಾಗಿ ಮುರಿಯುವ ಸದ್ದು ಕೇಳುತ್ತಿತ್ತು.

ಆಕೆಯ ಎಲೆಅಡಿಕೆಯ ಚಂಚಿಯಲ್ಲಿ ಒಂದು ಆಯಸ್ಕಾಂತ ಇರುತ್ತಿತ್ತು. ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತಿದ್ದು, ಬಳೆಯಂತೆ ನಡುವೆ ತೂತಿದ್ದ ಕರಿ ಕಲ್ಲು. ನಮ್ಮ ಕಡೆಯ ಹೆಂಗಸರು ಸಂತೆಯಲ್ಲಿ ಸ್ಟೀಲಿನ ಪಾತ್ರೆ ಕೊಳ್ಳುವಾಗ ಹೀಗೆಯೇ ಪರೀಕ್ಷೆ ಮಾಡುತ್ತಿದ್ದರು. ಆಯಸ್ಕಾಂತ ಹಿಡಿದುಕೊಂಡರೆ ಕಬ್ಬಿಣ, ಜಾರಿದರೆ ಅಸಲಿ. ಉಳಿದವರು ಅಂಗಡಿಯವನ ಆಯಸ್ಕಾಂತ ಬಳಸುತ್ತಿದ್ದರು. ಅತ್ತೆಗೆ ಅಂಗಡಿಯವನ ಆಯಸ್ಕಾಂತದ ಮೇಲೂ ಸಂಶಯ. ತನ್ನದನ್ನು ಮದುವೆ ಮನೆಗಳಿಗೂ ಒಯ್ಯುತ್ತಿದ್ದಳು. ಎದುರು ಮನೆಯ ಚಾಚಿಯ ಮಗಳ ಮದುವೆಯಲ್ಲಿ, ಬೀಗರು ಕುಳಿತಿರುವಾಗಲೇ, ಮದುಮಗಳಿಗೆ ಕೊಡಲು ಇಟ್ಟಿದ್ದ ದೊಡ್ಡ ಹಂಡೆಗೆ ಅದನ್ನು ಹಚ್ಚಿದಳು. ಅದು ಜಾರಿ ಕೆಳಗೆ ಬಿತ್ತು. ಅತ್ತೆಯ ಮುಖವೂ ಬಿತ್ತು.

"ಅಸಲಿ ಐತೇನ ಮಾಲಕೀಣ?" ಚಾಚಿ ಕೇಳಿದಳು. ಅತ್ತೆಯನ್ನು ಅವಳು ಹಾಗೆಯೇ, ಯಜಮಾನಿ ಎಂದು, ಕರೆಯುತ್ತಿದ್ದಳು.

"ಐತಿ," ಅಂದಳು ಅತ್ತೆ. "ಆದ್ರ ಬಾಯಿ ಸಣ್ಣದು."

ಚಾಚಿ ಮತ್ತು ಅತ್ತೆ ಒಂದೇ ವಯಸ್ಸಿನವರು. ಚಾಚಿಯ ಗಂಡನದು ಭಂಗಾರದ, ಅಂದರೆ ಗುಜರಿಯ, ವ್ಯಾಪಾರ. ಊರೂರು ತಿರುಗಿ ಹಳೆಯ ತಗಡು, ಹಿತ್ತಾಳೆ, ಮುರಿದ ಪಂಪು ಕೂಡಿಸಿ ಮಿರಜಕ್ಕೆ ಹಾಕುತ್ತಿದ್ದರು. ವರ್ಷಕ್ಕೊಮ್ಮೆ ಮುಂಬಯಿಗೆ ಹೋದರೆ ಹಡಗು ಒಡೆಯುವ ಕಡೆಯಿಂದ ಏನಾದರೂ ವಿಚಿತ್ರ ಸಾಮಾನು ತರುತ್ತಿದ್ದರು. ಎರಡೂ ಮನೆಗಳನ್ನು ಕಟ್ಟಿದವನು ಒಬ್ಬನೇ ಗೌಂಡಿ. ಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಎರಡು ಬಾಗಿಲುಗಳ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಓಣಿ. ಅಡಿಗೆಮನೆಯ ಹೊಗೆ ಹೋಗಲು ಆ ಗೌಂಡಿ ಗೋಡೆಯ ಒಳಗೇ ಒಂದು ಕೊಳವೆಗಂಡಿ ಬಿಟ್ಟಿದ್ದ. ತೊಲೆ ಅಡ್ಡ ಬಂದ ಕಡೆ ಅದನ್ನು ಸೊಟ್ಟ ಮಾಡಿದ್ದ. ಹೊಗೆ ಆ ಸೊಟ್ಟಿನಲ್ಲಿ ನಿಂತು, ಕಲ್ಲುಸಂದಿಗಳಿಂದ ಒಳಗೆ ಇಳಿಯುತ್ತಿತ್ತು. ಎರಡೂ ಮನೆಗಳಲ್ಲಿ ಹೊಗೆ ಸಮನಾಗಿತ್ತು. ಹಾಗಾಗಿ ಹೊಗೆಯ ಬಗ್ಗೆ ಇಬ್ಬರಿಗೂ ತಕರಾರಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸಾಂಗ್ಲಿಯಲ್ಲಿ ಒಂದು ಪತ್ರಿಕೆಯ ಕಚೇರಿಗೆ ಸೇರಿದೆ. ಅತ್ತೆಯ ಪಾಲಿಗೆ ನಾನು ಅಂದಿನಿಂದ 'ಪೇಪರದಾಕಿ'. ಊರಿಗೆ ಹೋದಾಗ ಆಕೆ ನನ್ನಿಂದ ಸುದ್ದಿ ಕೇಳುತ್ತಿದ್ದಳು. ಆದರೆ ಕೇಳುವುದಕ್ಕೂ ಅವಳದೊಂದು ಶಿಸ್ತಿತ್ತು. ಚಾಚಿಯ ಮನೆಗೆ ಏನೋ ಕೊಟ್ಟು ಬಾ ಎಂದು ಕಳಿಸಿ, ಮರಳಿ ಬಂದ ಕೂಡಲೆ ವಿಚಾರಣೆ ಮಾಡುತ್ತಿದ್ದಳು. "ಚಲೋ ಐತಿ ಅತ್ತಿ" ಎಂದರೆ ಸಿಟ್ಟಾಗುತ್ತಿದ್ದಳು.

"ಚಲೋ ಅಂದ್ರ ಏನ? ಏನ ಕಂಡಿ ಅದನ್ನ ಹೇಳು. ನಿನಗ ಏನ ಅನಸ್ತು, ಅದು ನನಗ ಬ್ಯಾಡ."

ಮುಂದೆ ಎಷ್ಟೋ ಸಂಪಾದಕರು ಎಷ್ಟೋ ರೀತಿಯಲ್ಲಿ ಹೇಳಿಕೊಟ್ಟಿದ್ದು ಇದನ್ನೇ. ಸಾಂಗ್ಲಿಗೆ ಹೊರಟಾಗ ನಾನು ಆಕೆಯ ಆಯಸ್ಕಾಂತ ಕೇಳಿದ್ದೆ, ನೆನಪಿಗೆ ಎಂದು. "ನಾ ಸತ್ತ ಮ್ಯಾಲ ತಗೊಳ್ಳಂತಿ, ಈಗ ಬಸ್ಸಿಗಿ ಹೋಗು," ಅಂದಿದ್ದಳು.

ಅದೇ ಹೊತ್ತಿಗೆ ಆಕೆಯ ಕಣ್ಣು ಕೆಟ್ಟವು. ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳುತ್ತಿದ್ದವು, ದಿನವಿಡೀ ನೀರು ಸುರಿಯುತ್ತಿತ್ತು. ಮಿರಜದ ದವಾಖಾನೆಗೆ ನಾನೇ ಕರೆದೊಯ್ದೆ. ಡಾಕ್ಟರು ಮರಾಠಿಯಲ್ಲಿ, ಇನ್ನು ಹೊಗೆಯಲ್ಲಿ ಕೂರಕೂಡದು, ಕೂತರೆ ಕಣ್ಣು ಹೋಗುತ್ತದೆ, ಎಂದರು. ಊರಿಗೆ ಬಂದ ಮೇಲೆ ಅವ್ವ ಮೆತ್ತಗೆ ಮಾತು ತೆಗೆದಳು.

"ಜತ್ತದಿಂದ ಗ್ಯಾಸ್ ತರಸೋಣ್ರೆವ್ವಾ. ನೀವು ಕುಂದ್ರಿ, ನಾ ಮಾಡ್ತೀನಿ."

"ನೀ ಮಾಡ್ತಿ," ಅಂದಳು ಅತ್ತೆ. "ಮತ್ತ ನಾ?"

"ನೀವು ಆರಾಮ ಇರ್ರಿ."

"ಆರಾಮ ಇರಾಕ ನಾ ಏನ್ ಪಾವಣೇರು ಬಂದೀನೇನ ಈ ಮನಿಗಿ?"

ಅವ್ವನ ಮಾತಿನಲ್ಲಿ ಕಪಟವಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಆದರೆ ಗ್ಯಾಸಿನ ಒಲೆ ಬಂದರೆ ಅದು ಬಾಯಾರ ಒಲೆಯಾಗುತ್ತಿತ್ತು. ಅಜ್ಜಿ ಕೊಟ್ಟದ್ದು ಕೈಬಿಟ್ಟು, ತಮ್ಮನ ಮನೆಯಲ್ಲಿ ಆಕೆ ಕುಳಿತು ಉಣ್ಣುವವಳಾಗುತ್ತಿದ್ದಳು. ಹೊಗೆ ಹೋಗಬೇಕು, ಒಲೆ ಉಳಿಯಬೇಕು. ಆಕೆಗೆ ಬೇಕಾಗಿದ್ದು ಇಷ್ಟೇ.

ತಗಡಿನ ಪೈಪು ಹಾಕಿಸಿ ನೋಡಿದೆವು. ಸೊಟ್ಟಿನಲ್ಲಿ ಅದು ಬಾಗಲಿಲ್ಲ. ತುಂಡು ಮಾಡಿ ಜೋಡಿಸಿದ ಕಡೆಯಲ್ಲೆಲ್ಲ ಹೊಗೆ ಸೋರಿತು. ಸಿಮೆಂಟಿನ ಪೈಪು ಗೋಡೆಯ ಒಳಗೆ ಇಳಿಯಲೇ ಇಲ್ಲ.

ಆಗಲೇ ಚಾಚಿಯ ಗಂಡ ಮುಂಬಯಿಯಿಂದ ಬಂದರು. ಮರುದಿನ ಅವರ ಮಾಳಿಗೆಯ ಮೇಲೆ ಬಿಸಿಲಿಗೆ ಏನೋ ಹೊಳೆಯಿತು. ಆನೆಯ ಸೊಂಡಿಲಿನಂತೆ ಸುರುಳಿ ಸುರುಳಿಯಾಗಿ ಬಾಗುವ ಸ್ಟೀಲಿನ ಪೈಪು. ಅದನ್ನು ಹಗ್ಗ ಕಟ್ಟಿ ಗೋಡೆಯ ಗಂಡಿಯೊಳಗೆ ಇಳಿಸಿದರು. ಸೊಟ್ಟು ಬಂದ ಕಡೆ ಅದು ತಾನೇ ಬಾಗಿ ಒಲೆಯ ಮೇಲಕ್ಕೆ ಬಂತು. ಸಂಜೆ ಚಾಚಿ ಒಲೆ ಹಚ್ಚಿದಾಗ ಹೊಗೆ ಮಾಳಿಗೆಯ ಮೇಲೆ ನೆಟ್ಟಗೆ ಎದ್ದು ನಿಂತಿತು.

ಅತ್ತೆ ನಮ್ಮ ಕಟ್ಟೆಯ ಮೇಲೆ ನಿಂತು ಅದನ್ನು ನೋಡಿದಳು. ನೀರು ಸುರಿಯುವ ಕಣ್ಣಿನಲ್ಲೂ ಎಡಗಣ್ಣು ಅರ್ಧ ಮುಚ್ಚಿತು. ಅಂದು ಆಕೆ ಉಣ್ಣಲಿಲ್ಲ. ಮರುದಿನವೂ ರೊಟ್ಟಿ ಬಡಿದು ಎಲ್ಲರಿಗೂ ಬಡಿಸಿ, ತಾನು ಮಜ್ಜಿಗೆ ಕುಡಿದು ಎದ್ದಳು.

ಸಾಂಗ್ಲಿಗೆ ಹೊರಟ ನನಗೆ ಆದೇಶವಾಯಿತು: ಅಂಥದು ಎಲ್ಲಿ ಸಿಗುತ್ತದೆ, ಎಷ್ಟು ನಮೂನೆ ಇವೆ, ಯಾವುದು ಚಾಚಿಯದಕ್ಕಿಂತ ಮೇಲು. ಬೇಕರಿಗಳ ಭಟ್ಟಿಗೆ ಪೈಪು ಹಾಕಿಸುವ ಒಬ್ಬ ವ್ಯಾಪಾರಿಯನ್ನು ಹುಡುಕಿದೆ. ಅವನಲ್ಲಿ ಎರಡು ನಮೂನೆ ಇದ್ದವು. ಒಂದು ಒಂದೇ ಪದರದ್ದು, ಹಗುರ, ಕೈಯಲ್ಲಿ ಹಿಡಿದರೆ ಕಾಗದದಂತೆ. ಇನ್ನೊಂದು ಎರಡು ಪದರದ್ದು. ಹೊರಗೆ ಏಣು ಏಣಾಗಿ, ಒಳಗೆ ನುಣ್ಣಗೆ. ಕಟ್ಟಿಗೆ, ಕುಳ್ಳು ಉರಿಸುವ ಮನೆಯಾದರೆ ಎರಡು ಪದರದ್ದೇ ಬೇಕು, ಹಗುರದ್ದು ಗ್ಯಾಸು, ಸೀಮೆಎಣ್ಣೆಯ ಹೊಗೆಗೆ ಸಾಕು, ಎಂದ. ಎರಡರದೂ ಒಂದೊಂದು ಗೇಣು ತುಂಡು ಕೊಟ್ಟ.

ಅತ್ತೆ ಅವನ್ನು ಕಟ್ಟೆಯ ಮೇಲೆ ಪಕ್ಕಪಕ್ಕದಲ್ಲಿ ಇಟ್ಟಳು. ಬಗ್ಗಿಸಿದಳು, ಮೂಸಿದಳು, ಉಗುರಿನಿಂದ ಬಡಿದಳು. ಕೊನೆಗೆ ಚಂಚಿ ಬಿಚ್ಚಿದಳು. ಹಗುರದ ತುಂಡಿನಿಂದ ಆಯಸ್ಕಾಂತ ಜಾರಿ ಬಿತ್ತು. ಎರಡು ಪದರದ್ದಕ್ಕೆ ಹಚ್ಚಿದಾಗ ಏಣುಗಳ ಮೇಲೆ ಮೆಲ್ಲಗೆ ಹಿಡಿದು ನಿಂತಿತು.

"ಕಬ್ಬಿಣ," ಅಂದಳು.

ವ್ಯಾಪಾರಿ ನನಗೆ ಇದನ್ನೂ ಹೇಳಿದ್ದ. ಒಳ್ಳೆಯ ಸ್ಟೀಲನ್ನೇ ಯಂತ್ರದಲ್ಲಿ ಗಟ್ಟಿಯಾಗಿ ಮಡಚಿದರೆ, ಮಡಚಿದ ಕಡೆ ಆಯಸ್ಕಾಂತ ಸ್ವಲ್ಪ ಹಿಡಿಯುತ್ತದೆ. ಅದರಿಂದ ಸ್ಟೀಲು ಕೀಳಾಗುವುದಿಲ್ಲ. ನಾನು ಅದನ್ನು ಹಾಗೆಯೇ ವರದಿ ಮಾಡಿದೆ.

"ಬಗ್ಗಿಸಿದ ಕೂಡ್ಲೆ ಸ್ಟೀಲು ಕಬ್ಬಿಣ ಆಗತೈತೇನ? ನಾ ಬಗ್ಗಿ ಕಸಾ ಹೊಡದ್ರ ಗಂಡಸಾಗ್ತೀನೇನ?"

ಅವ್ವ ಒಳಗೆ ನಕ್ಕಳು. ಆದರೂ ಅತ್ತೆ ತೀರ್ಪು ಕೊಡಲಿಲ್ಲ. ಚಾಚಿಯ ಪೈಪು ಯಾವ ಜಾತಿಯದು ಎಂದು ತಿಳಿಯದೆ ತನ್ನದನ್ನು ಆರಿಸುವುದು ಆಕೆಗೆ ಸಾಧ್ಯವಿರಲಿಲ್ಲ. ಒಂದು ಬಟ್ಟಲಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ತುಂಬಿಕೊಂಡು ಓಣಿ ದಾಟಿದಳು. ನನ್ನನ್ನೂ ಕರೆದಳು, ಸಾಕ್ಷಿಗೆ.

ಚಾಚಿ ಒಲೆಯ ಮುಂದೆ ಕುಳಿತಿದ್ದಳು. ಪೈಪಿನ ಕೆಳತುದಿ ಅವಳ ತಲೆಯ ಮೇಲೆ ಹೊಳೆಯುತ್ತಿತ್ತು. ಅತ್ತೆಯ ಕೈ ಸೊಂಟದ ಚಂಚಿಗೆ ಹೋದದ್ದನ್ನು ಅವಳು ಕಂಡಳು.

"ನಕ್ಕೋ ಮಾಲಕೀಣ, ಮುಟ್ಟಬ್ಯಾಡ. ಸುಡತೈತಿ."

"ಒಲ್ಯಾಗ ಬೆಂಕಿನ ಇಲ್ಲಲ್ಲ."

"ಮುಂಜಾನಿದು ಕಾವು ಇನ್ನಾ ಐತಿ. ಸ್ಟೀಲು ನೋಡು, ಅಸಲಿ. ಕಾವು ಲಗೂನ ಇಳ್ಯಾಂಗಿಲ್ಲ."

ಇಬ್ಬರೂ ಹಿಂಡಿಯ ಖಾರದ ಬಗ್ಗೆ, ಊರ ಸೊಸೆಯರ ಬಗ್ಗೆ, ಡಫಳಾಪುರದಲ್ಲಿ ಯಾರೋ ಕಟ್ಟಿಸುತ್ತಿದ್ದ ಸ್ಲ್ಯಾಬಿನ ಮನೆಯ ಬಗ್ಗೆ ಮಾತಾಡಿದರು. ಕಣ್ಣು ಮಾತ್ರ ಒಬ್ಬರದು ಇನ್ನೊಬ್ಬರ ಕೈಯ ಮೇಲೆ. ಕೊನೆಗೆ ಹಿತ್ತಲಲ್ಲಿ ಆಡು ಒದರಿತು. ಚಾಚಿ ಎದ್ದು ಹೋಗಲೇಬೇಕಾಯಿತು. ಅವಳ ಸೆರಗು ಬಾಗಿಲು ದಾಟುವುದೇ ತಡ, ಅತ್ತೆ ಎದ್ದು ಆಯಸ್ಕಾಂತ ಹಚ್ಚಿದಳು. ಅದು ಹಿಡಿದು ನಿಂತಿತು.

ಅತ್ತೆ ನನ್ನ ಕಡೆ ತಿರುಗಿದಳು. ಅಷ್ಟು ಸಂತೋಷವನ್ನು ನಾನು ಆ ಮುಖದಲ್ಲಿ ಮೊದಲು ಕಂಡಿರಲಿಲ್ಲ. ಓಣಿ ದಾಟುವವರೆಗೆ ತಡೆದುಕೊಂಡು, ನಮ್ಮ ಹೊಸ್ತಿಲೊಳಗೆ ಕಾಲಿಟ್ಟ ಕೂಡಲೆ ಅಂದಳು: "ಕಬ್ಬಿಣ! ಬರೇ ಕಬ್ಬಿಣ! ಮುಂಬೈದಾಗ ಟೊಪಿಗಿ ಹಾಕ್ಯಾರ ಅವನಿಗಿ!" ಅಂದು ಹೊಟ್ಟೆ ತುಂಬ ಉಂಡಳು.

ಹೀಗೆ ನಮ್ಮ ಮನೆಗೆ ಹಗುರದ ಪೈಪು ಬಂತು. ವ್ಯಾಪಾರಿಯ ಮಾತನ್ನು ನಾನು ಮತ್ತೊಮ್ಮೆ ಹೇಳಿದೆ, ಅಪ್ಪನೂ ಹೇಳಿದ. ಆಕೆ ಕೇಳಲಿಲ್ಲ. ಪೈಪು ಇಳಿಸಿದ ದಿನ ಹೊಗೆ ಮೇಲೇರಿತು. ಕೆಲವು ತಿಂಗಳಲ್ಲಿ ಕಣ್ಣೀರು ನಿಂತಿತು. ಗ್ಯಾಸಿನ ಮಾತು ಅವ್ವ ಮತ್ತೆ ಎತ್ತಲಿಲ್ಲ. ಈಗ ಹೊಟ್ಟೆ ಉರಿದುಕೊಳ್ಳುವ ಸರದಿ ಚಾಚಿಯದು. ನಮ್ಮ ಪೈಪು ಸಾಂಗ್ಲಿಯ ಅಂಗಡಿಯ ಹೊಸ ಮಾಲು. ಅವಳದು ಎಷ್ಟಾದರೂ ಭಂಗಾರ. ಅವಳು ಅದರ ತುದಿಗೆ ಒಂದು ತಗಡಿನ ಟೋಪಿ ಹಾಕಿಸಿದಳು. ಅತ್ತೆ ನಮ್ಮದಕ್ಕೆ ಟೋಪಿಯ ಮೇಲೆ ಒಂದು ತಗಡಿನ ಗಿಳಿ ಕೂಡಿಸಿದಳು.

ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ತೊಗರಿಕಟ್ಟಿಗೆ, ಕುಳ್ಳಿನ ಕಾವು ಆ ತೆಳು ಪೈಪನ್ನು ಗೋಡೆಯೊಳಗೇ ತಿಂದಿತ್ತು. ನಾನು ಊರಿಗೆ ಹೋದಾಗ ಅತ್ತೆಯ ಕಣ್ಣು ಕೆಂಪಾಗಿದ್ದವು. "ಈರುಳ್ಳಿ ಹೆಚ್ಚಿದ್ದೆ" ಅಂದಳು. ಅಡಿಗೆಮನೆಯ ಬಾಗಿಲು ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳು, ಹೊಗೆ ನಡುಮನೆಗೆ ಬಂದು ಅವ್ವನಿಗೆ ತಿಳಿಯಬಾರದು ಎಂದು. ಓಣಿಯ ಕಡೆಯ ಗೋಡೆಯಲ್ಲಿ, ಕಲ್ಲುಸಂದಿಯಿಂದ ಹೊಗೆ ಬಂದ ಕಡೆ, ಕರಿ ಕಲೆ ಮೂಡಿತ್ತು. ಅದರ ಮೇಲೆ ಸುಣ್ಣ ಹಚ್ಚಿದ್ದಳು. ಕಲೆ ಮತ್ತೆ ಮೂಡುತ್ತಿತ್ತು, ಆಕೆ ಮತ್ತೆ ಹಚ್ಚುತ್ತಿದ್ದಳು. ಗಿಳಿಯ ಕೆಳಗಿನಿಂದ ಹೊಗೆ ಏಳುವುದು ನಿಂತು ಬಹಳ ದಿನವಾಗಿತ್ತು.

ಚಾಚಿಗೆ ಇದು ಕಾಣದಿರುವುದು ಸಾಧ್ಯವಿರಲಿಲ್ಲ. ಕೈಗೆ ಬೇರೆ ಕೆಲಸವಿದ್ದರೂ ಅವಳ ಕಣ್ಣಿಗೆ ನಮ್ಮ ಮನೆಯದೇ ಕೆಲಸ. ಒಂದು ಬೆಳಿಗ್ಗೆ ಅತ್ತೆ ಸುಣ್ಣದ ಬಟ್ಟಲು ಹಿಡಿದು ಗೋಡೆಯ ಮುಂದೆ ನಿಂತಿದ್ದಾಗ ಎದುರು ಕಟ್ಟೆಯಿಂದ ಮಾತು ಬಂತು. ನಾನು ಹೊಸ್ತಿಲಲ್ಲಿ ಚಹಾ ಕುಡಿಯುತ್ತಿದ್ದೆ.

"ಹಬ್ಬ ಇಲ್ಲ, ಹುಣ್ಣಿಮಿ ಇಲ್ಲ. ಗ್ವಾಡಿಗಿ ಸುಣ್ಣಾ ಎದಕ್ಕ ಮಾಲಕೀಣ?"

"ನಮ್ಮ ಗ್ವಾಡಿ, ನಮ್ಮ ಸುಣ್ಣ."

"ಹೌ, ನಿಮ್ಮದ. ಕಣ್ಣೂ ನಿಮ್ಮವ."

ಅತ್ತೆ ಸುಣ್ಣ ಹಚ್ಚುತ್ತಲೇ ಇದ್ದಳು. ಕುಂಚ ಕರಿ ಕಲೆಯಿಂದ ಅರ್ಧ ಗೇಣು ಪಕ್ಕಕ್ಕೆ, ಬೆಳ್ಳಗೆ ಇದ್ದ ಜಾಗದ ಮೇಲೆ ಆಡುತ್ತಿತ್ತು. ಆಕೆಗೆ ಕಲೆ ಕಾಣುತ್ತಿರಲಿಲ್ಲ. ಅದನ್ನು ನಾನು ಆಗ ಗಮನಿಸಿದೆ. ಚಾಚಿ ಮೊದಲೇ ಗಮನಿಸಿದ್ದಳು.

ಅವಳು ಒಳಗೆ ಹೋದಳು. ಮಾಳಿಗೆಯ ಮೇಲೆ ಕೋಳಿಗಳು ಕೂಗಾಡಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಚಾಚಿ ಓಣಿ ದಾಟಿ ಬಂದಳು. ಹೆಗಲ ಮೇಲೆ ಸುರುಳಿ ಸುತ್ತಿದ ಸ್ಟೀಲಿನ ಪೈಪು. ಅದರ ಮೇಲೆಲ್ಲ ಕೋಳಿಯ ಹಿಕ್ಕೆ, ಹುಲ್ಲು. ತಂದು ನಮ್ಮ ಕಟ್ಟೆಯ ಮೇಲೆ ಧೊಪ್ಪೆಂದು ಹಾಕಿದಳು.

"ಇದೇನ?" ಅತ್ತೆ ಕೇಳಿದಳು.

"ಕಬ್ಬಿಣ. ನಿನ್ನ ಕಲ್ಲು ಹಚ್ಚಿ ನೋಡು. ನಾ ಆಡು ನೋಡಾಕ ಹೋದಾಗ ಹಚ್ಚಿದ್ದಿಯಲ್ಲ, ಹಂಗ."

ಅತ್ತೆ ಪೈಪಿನ ಮೇಲೆ ಕೈಯಾಡಿಸಿದಳು. "ಎಲ್ಲಿತ್ತು?"

"ಕೋಳಿಬುಟ್ಟಿ ಕೆಳಗ. ಅವ್ರು ಆವಾಗ ಎರಡು ತಂದಿದ್ರು. ಒಂದು ನಮಗ, ಒಂದು ನಿಮ್ಮ ಮನಿಗಂತ. ನಾ ಕೊಡಗೊಡಲಿಲ್ಲ."

ಅಷ್ಟು ದಿನವೂ ಆ ಪೈಪು ಓಣಿಯ ಆಚೆ, ನಮ್ಮ ಮಾಳಿಗೆಯ ಮಟ್ಟದಲ್ಲೇ, ಒಂದು ಬುಟ್ಟಿಯ ಕೆಳಗಿತ್ತು. ಅತ್ತೆ ಜಗಳ ತೆಗೆಯುತ್ತಾಳೆ ಎಂದುಕೊಂಡೆ. ಆಕೆ ಪೈಪಿಗೆ ಅಂಟಿದ್ದ ಹುಲ್ಲನ್ನು ಒಂದೊಂದಾಗಿ ಕಿತ್ತಳು.

"ನಾ ಆದ್ರೂ ಹಂಗ ಮಾಡ್ತಿದ್ದೆ," ಅಂದಳು.

"ಗೊತ್ತೈತಿ. ತಗೋ."

"ನಿನ್ನ ಕೋಳಿ ಹೇತಿದ್ದು ನನಗ ಬ್ಯಾಡ."

"ಹುಚ್ಚವ್ವಾ," ಅಂದಳು ಚಾಚಿ. ಅವಳ ದನಿ ಒಮ್ಮೆಲೆ ಏರಿತು. "ನಿನ್ನ ಕಣ್ಣು ಹೋದ್ರ ನನ್ನ ಮನಿ ಯಾರು ನೋಡಬೇಕ? ಮಗಳು ಗಂಡನ ಮನಿಗಿ ಹೋಗ್ಯಾಳ. ಇವ್ರು ಊರೂರು ತಿರಗತಾರ. ಒಂದು ಹೊಸ ಬಟ್ಲಾ ತಂದ್ರ ನೋಡಿ ಹೊಟ್ಟಿ ಉರ್ಕೊಳ್ಳಾವರು ಈ ಓಣ್ಯಾಗ ನೀ ಬಿಟ್ಟರ ಯಾರದಾರ? ಕುರಡಿ ಮುಂದ ಏನ ತೋರಸ್ಲಿ ನಾ?"

ಅತ್ತೆ ಕುಂಚವನ್ನು ಬಟ್ಟಲಿಗೆ ಹಾಕಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಕಣ್ಣು ಮೊದಲೇ ಸುರಿಯುತ್ತಿದ್ದುದರಿಂದ ಅದರ ಬಗ್ಗೆ ನಾನು ಏನೂ ಹೇಳಲಾರೆ.

"ನಮ್ಮದು ನಿಮ್ಮದಕ್ಕಿಂತ ಒಂದು ಗೇಣು ಎತ್ತರ ಇರಬೇಕು," ಅಂದಳು ಕೊನೆಗೆ.

"ಒಂದು ಗೇಣು? ಬೇಕಾದ್ರ ನಾಕ ಬೆಳ್ಳು."

"ಗೇಣು."

"ಬೆಳ್ಳು ಅಂದೆ. ಇಲ್ಲಾಂದ್ರ ಕೋಳಿಗಿ ಒಯ್ತೀನಿ."

ನಾಲ್ಕು ಬೆರಳಿಗೆ ತೀರ್ಮಾನವಾಯಿತು. ಚಾಚಿಯ ಗಂಡನೇ ಮಾಳಿಗೆ ಏರಿ ಹಳೆಯದನ್ನು ಎಳೆದರು. ಅದು ಜರಡಿಯಾಗಿತ್ತು. ಹೊಸದನ್ನು ಇಳಿಸಿದರು. ಗೋಡೆಯ ಕಲೆ ಮತ್ತೆ ಮೂಡಲಿಲ್ಲ. ಮುಂದೆ ಮಿರಜದಲ್ಲಿ ಅತ್ತೆಯ ಒಂದು ಕಣ್ಣಿನ ಶಸ್ತ್ರಕ್ರಿಯೆಯಾಯಿತು. ಬಲಗಣ್ಣು, ಆಕೆಗೆ ಬೇಕಾದದ್ದು, ಉಳಿಯಿತು. ಅವ್ವನ ಗ್ಯಾಸಿನ ಒಲೆಯೂ ಒಂದು ದಿನ ಜೀಪಿನಲ್ಲಿ ಬಂತು. ಅದರ ಮೇಲೆ ಚಹಾ ಕಾಯುತ್ತಿತ್ತು. ರೊಟ್ಟಿ ಏರಲಿಲ್ಲ.

ಬಂದವರಿಗೆಲ್ಲ ಅತ್ತೆ ಪೈಪು ತೋರಿಸುತ್ತಿದ್ದಳು. ತಾನೇ ಆಯಸ್ಕಾಂತ ಹಚ್ಚಿ, ಅದು ಹಿಡಿದು ನಿಂತದ್ದನ್ನು ತೋರಿಸಿ, "ಹೊಗಿಗಿ ಕಬ್ಬಿಣಾನ ಬೇಕ್ರಿ. ಸ್ಟೀಲು ಏನ ತಾಳ್ತೈತಿ?" ಎನ್ನುತ್ತಿದ್ದಳು. ಎದುರು ಕಟ್ಟೆಯಿಂದ ಚಾಚಿ, "ಕೋಳಿಗಿ ಕೇಳ್ರಿ, ಹೇಳ್ತಾವು" ಎಂದು ಕೂಗುತ್ತಿದ್ದಳು.

ಎರಡು ಸಾವಿರದ ದಶಕದ ಮಧ್ಯದಲ್ಲಿ ಒಂದು ಬೇಸಿಗೆ ಅತ್ತೆ ಹೋದಳು. ಬೆಳಿಗ್ಗೆ ರೊಟ್ಟಿ ಬಡಿದು, ಎಲ್ಲರಿಗೂ ಬಡಿಸಿ, ಒಲೆಯ ಪಕ್ಕದ ಗೋಡೆಗೆ ಒರಗಿದ್ದಳು. ಹಾಗೆಯೇ ಹೋಗಿದ್ದಳು. ನಾನು ಸಾಂಗ್ಲಿಯಿಂದ ಬಸ್ಸು ಹಿಡಿದು ಬಂದು ಓಣಿಗೆ ಇಳಿದಾಗ ಎರಡೂ ಪೈಪುಗಳಲ್ಲಿ ಹೊಗೆ ಇರಲಿಲ್ಲ.

ಮಣ್ಣು ಮಾಡಿದ ಮರುದಿನ ಅವ್ವ ಅತ್ತೆಯ ಚಂಚಿಯನ್ನು ಬಿಚ್ಚಿ ಚಾಪೆಯ ಮೇಲೆ ಸುರುವಿದಳು. ಅಡಿಕೆ, ಸುಣ್ಣದ ಡಬ್ಬಿ, ಒಂದು ಮುರಿದ ಬಾಚಣಿಗೆ, ಆಯಸ್ಕಾಂತ. ನಾನು ಕೈ ಚಾಚುವ ಮೊದಲೇ ಚಾಚಿ ಮಾತಾಡಿದಳು.

"ಬಾಯಾರ, ಆ ಕಲ್ಲು ನನಗ ಕೊಡ್ರಿ. ಇದ್ದಾಗ ಒಮ್ಮಿನೂ ನನ್ನ ಕೈಯಾಗ ಕೊಡಲಿಲ್ಲ, ಕಂಜೂಸಿ."

ಅವ್ವ ನನ್ನ ಮುಖ ನೋಡದೆ ಕೊಟ್ಟುಬಿಟ್ಟಳು. ಬಸ್ಸಿನ ಹೊತ್ತಿನಲ್ಲಿ ಅತ್ತೆ ನನಗೆ ಕೊಟ್ಟ ಮಾತು ಅವಳಿಗೆ ಗೊತ್ತಿರಲಿಲ್ಲ. ಚಾಚಿ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು, ಸೊಂಟಕ್ಕೆ ಸಿಕ್ಕಿಸಿಕೊಂಡಳು, ಕಣ್ಣೊರೆಸಿಕೊಳ್ಳುತ್ತ ಓಣಿ ದಾಟಿದಳು. ತನ್ನ ಬಾಗಿಲ ಚಿಲಕಕ್ಕೆ ಅದನ್ನು ಹಚ್ಚಿದ ಸದ್ದು ನಮ್ಮ ಹೊಸ್ತಿಲವರೆಗೆ ಕೇಳಿಸಿತು.

ನಾನು ಅಲ್ಲಿಯೇ ನಿಂತು ನೋಡುತ್ತಿದ್ದೆ. ನೋಡುತ್ತಿದ್ದ ಹಾಗೆ ನನ್ನ ಎಡಗಣ್ಣು ತಾನಾಗಿಯೇ ಅರ್ಧ ಮುಚ್ಚಿತು.

ಆಕಿಗಿ ಬಂತು. ನನಗ್ಯಾಕ ಬರಲಿಲ್ಲ?